ಟಿಕೆಟ್ ಇಲ್ಲದಿದ್ದರೆ ಸಾಕೇ? ವಾಷಿಂಗ್ಟನ್ನಿನ ಕಲಾ ಗ್ಯಾಲರಿ ಮತ್ತು ಅಲ್ಲಿನ ಉಚಿತ ಸಂಗೀತ

[ದೃಶ್ಯ: ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ವಿಶಾಲ ಬಯಲು. ಅದರ ಹುಲ್ಲುಹಾಸಿನ ಅಂಚಿನಲ್ಲಿ ನಸುಗುಲಾಬಿ ಅಮೃತಶಿಲೆಯ ಕಟ್ಟಡ, ಎದುರಿಗೆ ಅಗಲವಾದ ಮೆಟ್ಟಿಲು.]

ನಮಸ್ಕಾರ. ಮೇರಿಲ್ಯಾಂಡ್, ವರ್ಜೀನಿಯಾ ಕಡೆ ನೆಲೆಸಿರುವ ಮಕ್ಕಳ ಮನೆಗೆ ನಮ್ಮೂರುಗಳಿಂದ ಹೋಗುವ ತಂದೆ ತಾಯಂದಿರು ವಾಷಿಂಗ್ಟನ್ ನೋಡದೆ ಮರಳುವುದು ಅಪರೂಪ. ಅಲ್ಲಿರುವ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಪ್ರವೇಶ ಶುಲ್ಕವಿಲ್ಲ. ಅದು ಏರ್ಪಡಿಸುವ ಸಂಗೀತ ಕಚೇರಿಗಳೂ ಉಚಿತ. ಆದರೆ ಮಂಡಿನೋವಿರುವ ತಾಯಿ ಒಳಗೆ ಹೋಗಲು, ಶ್ರವಣಸಾಧನ ಹಾಕಿಕೊಂಡ ತಂದೆ ಆ ಸಂಗೀತವನ್ನು ನಿಜವಾಗಿ ಕೇಳಲು ಸಾಧ್ಯವೇ ಎಂಬುದು ಹಣಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಶುಲ್ಕ ತೆಗೆದುಹಾಕುವುದು ಒಂದು ಕೆಲಸ, ಜನ ಬಂದು ಅನುಭವಿಸುವಂತೆ ಮಾಡುವುದು ಇನ್ನೊಂದು ಕೆಲಸ. ಈ ಎರಡನ್ನೂ ಒಂದೇ ಎಂದು ಭಾವಿಸುವ ಸಂಸ್ಥೆಗಳು ಬಹಳ ಇರುವುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

[ದೃಶ್ಯ: ಹಳೆಯ ಕಪ್ಪು ಬಿಳುಪು ಛಾಯಾಚಿತ್ರಗಳು.]

ಕಲಾ ಗ್ಯಾಲರಿಯಲ್ಲಿ ಸಂಗೀತವೇಕೆ ಎಂದು ಕೇಳಿದರೆ ಉತ್ತರ ಯುದ್ಧಕಾಲದ ಲಂಡನ್ನಿನಲ್ಲಿ ಸಿಗುತ್ತದೆ. 1939ರಲ್ಲಿ ಬಾಂಬ್ ದಾಳಿಯ ಭಯದಿಂದ ಅಲ್ಲಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ದೂರಕ್ಕೆ ಸಾಗಿಸಿ, ಸಭಾಂಗಣಗಳು ಕತ್ತಲಾದ ಕಾಲದಲ್ಲಿ ನಗರದ ಜನರಿಗೆ ಸಂಗೀತ ಬೇಕೆಂದು ಪಿಯಾನೋ ವಾದಕಿ ಮೈರಾ ಹೆಸ್ ಆ ಖಾಲಿ ಗೋಡೆಗಳ ನಡುವೆ ಮಧ್ಯಾಹ್ನದ ಕಚೇರಿಗಳನ್ನು ಆರಂಭಿಸಿದರು. ಒಂದು ಶಿಲ್ಲಿಂಗ್ ಕೊಟ್ಟರೆ ಯಾರು ಬೇಕಾದರೂ ಬಂದು ಕೇಳಬಹುದಿತ್ತು. 1946ರವರೆಗೆ ನಡೆದ 1,698 ಕಚೇರಿಗಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಜನ ಬಂದರು. ಅದೇ ಮಾದರಿಯನ್ನು ನೋಡಿ ವಾಷಿಂಗ್ಟನ್ನಿನ ಗ್ಯಾಲರಿ 1942ರಲ್ಲಿ ತನ್ನ ಭಾನುವಾರದ ಕಚೇರಿಗಳನ್ನು ಶುರುಮಾಡಿ, ಆ ಒಂದು ಶಿಲ್ಲಿಂಗನ್ನೂ ಬಿಟ್ಟುಬಿಟ್ಟಿತು. ಮನೆಯಿಂದ ದೂರ ಬಂದು ರಾಜಧಾನಿಯಲ್ಲಿದ್ದ ಸೈನಿಕರು ಮತ್ತು ಯುದ್ಧಕಾಲದ ನೌಕರರು ಅಲ್ಲಿನ ಮೊದಲ ಶ್ರೋತೃಗಳು.

ಉಚಿತವಾಗಿ ನಡೆಸಲು ಹಣ ಎಲ್ಲಿಂದ ಬರುತ್ತದೆ? ಆಂಡ್ರೂ ಮೆಲನ್ ಎಂಬ ಬ್ಯಾಂಕರ್ ತನ್ನ ಕಲಾ ಸಂಗ್ರಹವನ್ನೂ ಕಟ್ಟಡದ ವೆಚ್ಚವನ್ನೂ ದೇಶಕ್ಕೆ ಕೊಟ್ಟರು. ಅದರ ನಿರ್ವಹಣೆಯ ಹೊಣೆಯನ್ನು 1937ರ ಕಾಯ್ದೆಯ ಮೂಲಕ ಅಮೆರಿಕ ಸರ್ಕಾರ ಹೊತ್ತುಕೊಂಡಿತು. ಸಂಗೀತಕ್ಕೆ ದಾನಿಗಳ ದತ್ತಿನಿಧಿಗಳ ಬೆಂಬಲವಿದೆ. ರಿಚರ್ಡ್ ಬೇಲ್ಸ್ ಇಲ್ಲಿ ನಾಲ್ಕು ದಶಕ ಸಂಗೀತ ನಿರ್ದೇಶಕರಾಗಿದ್ದರು. ಅಮೆರಿಕದ ಸಂಗೀತ ಸಂಯೋಜಕ ಚಾರ್ಲ್ಸ್ ಐವ್ಸ್ ಅವರ ಮೊದಲ ಸಿಂಫನಿ, ಅಂದರೆ ದೊಡ್ಡ ವಾದ್ಯಮೇಳಕ್ಕಾಗಿ ಬರೆದ ಕೃತಿ, 1953ರಲ್ಲಿ ಮೊತ್ತಮೊದಲು ಕೇಳಿಬಂದದ್ದು ಬೇಲ್ಸ್ ನಿರ್ದೇಶನದಲ್ಲಿ, ಈ ಗ್ಯಾಲರಿಯಲ್ಲಿಯೇ. ಉಚಿತ ಎಂದರೆ ಎರಡನೇ ದರ್ಜೆಯದು ಎಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

[ದೃಶ್ಯ: ಗಾಜಿನ ಚಾವಣಿ, ಎತ್ತರದ ಕಂಬಗಳು, ಹಸಿರು ಗಿಡಗಳು, ನಡುವೆ ಕಾರಂಜಿ.]

ಈಗ ಕಟ್ಟಡದ ಒಳಗೆ ಬರೋಣ. 1941ರಲ್ಲಿ ಬಾಗಿಲು ತೆರೆದ ಹಳೆಯ ಕಟ್ಟಡದಲ್ಲಿ ಮಾಲ್ ಕಡೆಯ ಮುಖ್ಯದ್ವಾರಕ್ಕೆ ದೊಡ್ಡ ಮೆಟ್ಟಿಲುಗಳಿವೆ. ನೋಡಲು ಅವು ಗಂಭೀರವಾಗಿದ್ದರೂ ಗಾಲಿಕುರ್ಚಿಯಲ್ಲಿರುವವರಿಗೆ ಗೋಡೆಯಷ್ಟೇ ಗಟ್ಟಿ. ಸರ್ಕಾರಿ ಹಣ ಪಡೆಯುವ ಕಟ್ಟಡಗಳು ಎಲ್ಲರಿಗೂ ಪ್ರವೇಶಸಾಧ್ಯವಾಗಿರಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1968ರಲ್ಲಿ. ಇಂದು ಮೆಟ್ಟಿಲಿಲ್ಲದ ಪ್ರವೇಶದ್ವಾರಗಳು ಬೇರೆ ಇವೆ, ಗಾಲಿಕುರ್ಚಿಗಳನ್ನು ಹಣ ಪಡೆಯದೆ ಬಳಸಲು ಕೊಡುತ್ತಾರೆ. 1978ರಲ್ಲಿ ತೆರೆದ ಪೂರ್ವದ ಕಟ್ಟಡಕ್ಕೆ ನೆಲದಡಿಯ ದಾರಿಯಲ್ಲಿ ಹೋಗುವಾಗ ಚಲಿಸುವ ಪಟ್ಟಿಯ ಮೇಲೆ ನಿಂತುಕೊಂಡೇ ಸಾಗಬಹುದು.

ಕೇಳುವ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಚೇರಿಗಳು ದಶಕಗಳ ಕಾಲ ನಡೆದುಬಂದ ಉದ್ಯಾನ ಅಂಗಳವನ್ನು ಗಮನಿಸಿ: ಕಲ್ಲಿನ ನೆಲ, ಕಲ್ಲಿನ ಕಂಬ, ಮೇಲೆ ಗಾಜು. ನಾದವನ್ನು ಹೀರಿಕೊಳ್ಳುವಂಥದ್ದು ಅಲ್ಲಿ ಕಡಿಮೆ, ಆದ್ದರಿಂದ ಒಂದು ಸ್ವರ ಆರುವ ಮೊದಲೇ ಮುಂದಿನ ಸ್ವರ ಅದರ ಮೇಲೆ ಬಂದು ಕೂರುತ್ತದೆ. ಚೆನ್ನಾಗಿ ಕೇಳಿಸುವ ಕಿವಿಗೆ ಈ ಅನುರಣನ ಹಿತವೆನಿಸಬಹುದು. ಶ್ರವಣಸಾಧನವಾದರೋ ವಯೊಲಿನ್ನನ್ನು ಹಿಗ್ಗಿಸುವಂತೆಯೇ ಗೋಡೆಯಿಂದ ಮರಳಿದ ಪ್ರತಿಧ್ವನಿಯನ್ನೂ ಪಕ್ಕದವರ ಕೆಮ್ಮನ್ನೂ ಹಿಗ್ಗಿಸುತ್ತದೆ; ಶಬ್ದ ಜೋರಾದರೂ ಸಂಗೀತ ಸ್ಪಷ್ಟವಾಗುವುದಿಲ್ಲ. ಇದಕ್ಕಿರುವ ಪರಿಹಾರ, ವೇದಿಕೆಯ ಮೈಕಿನಿಂದ ಕೇಳುಗರ ಕಿವಿಗೆ ನೇರ ದಾರಿ ಮಾಡಿಕೊಡುವುದು. ಇಂಡಕ್ಷನ್ ಲೂಪ್ ವ್ಯವಸ್ಥೆಯಲ್ಲಿ ಆಸನಗಳ ಸುತ್ತ ಹಾಕಿದ ತಂತಿಯೊಂದು ಮೈಕಿನ ಸಂಕೇತವನ್ನು ಕಾಂತಕ್ಷೇತ್ರವಾಗಿ ಹರಡುತ್ತದೆ. ಅನೇಕ ಶ್ರವಣಸಾಧನಗಳಲ್ಲಿರುವ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಅದನ್ನು ಹಿಡಿದು ಮತ್ತೆ ಧ್ವನಿಯಾಗಿಸುತ್ತದೆ. ನಡುವಿನ ಗಾಳಿ, ಗೋಡೆ, ಗದ್ದಲ ಯಾವುದೂ ಅಡ್ಡಬರುವುದಿಲ್ಲ. ಟೆಲಿಕಾಯಿಲ್ ಇಲ್ಲದವರಿಗೆ ಕೊರಳಿಗೆ ಹಾಕಿಕೊಳ್ಳುವ ರಿಸೀವರ್ ಮತ್ತು ಹೆಡ್‌ಫೋನ್ ಕೊಡಬಹುದು. ನೀವು ಹೋಗುವ ಸಭಾಂಗಣದಲ್ಲಿ ಯಾವ ವ್ಯವಸ್ಥೆಯಿದೆ ಎಂದು ಮೊದಲೇ ವಿಚಾರಿಸಿ, ನಿಮ್ಮ ಸಾಧನದಲ್ಲಿ ಟೆಲಿಕಾಯಿಲ್ ಇದೆಯೇ ಎಂದು ವೈದ್ಯರನ್ನೋ ಆಡಿಯಾಲಜಿಸ್ಟರನ್ನೋ ಕೇಳಿ. ಎಷ್ಟೋ ಜನರಿಗೆ ಅದು ತಮ್ಮ ಕಿವಿಯಲ್ಲೇ ಇದ್ದರೂ ಗೊತ್ತಿರುವುದಿಲ್ಲ.

[ದೃಶ್ಯ: ಲಿಯೊನಾರ್ಡೊ ಡ ವಿಂಚಿಯ ಜಿನೆವ್ರಾ ದ ಬೆಂಚಿ ಚಿತ್ರ.]

ಕಾಣದವರಿಗೆ ಚಿತ್ರವನ್ನು ಮಾತಿನಲ್ಲಿ ಕಟ್ಟಿಕೊಡುವ ಕಾರ್ಯಕ್ರಮಗಳನ್ನೂ ಸಂಜ್ಞಾಭಾಷೆಯ ವಿವರಣೆಯನ್ನೂ ಈ ಗ್ಯಾಲರಿ ಏರ್ಪಡಿಸುತ್ತದೆ. ಲಿಯೊನಾರ್ಡೊನ ಈ ಚಿತ್ರವನ್ನು ‘ಒಬ್ಬ ಸುಂದರ ಯುವತಿ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಸುಮಾರು ಒಂದು ಅಡಿಗಿಂತ ತುಸು ದೊಡ್ಡ ಹಲಗೆ; ಬಿಳಿಚಿದ ಮುಖ, ಕೆನ್ನೆಯ ಎರಡೂ ಬದಿಯಲ್ಲಿ ಗುಂಗುರು ಕೂದಲು, ನಗೆಯಿಲ್ಲದ ತುಟಿ; ತಲೆಯ ಹಿಂದೆ ಮುಳ್ಳೆಲೆಯ ಜುನಿಪರ್ ಪೊದೆ ಕತ್ತಲಿನಂತೆ ದಟ್ಟವಾಗಿ ನಿಂತು ಆ ಮುಖವನ್ನು ಇನ್ನಷ್ಟು ಬೆಳ್ಳಗಾಗಿಸಿದೆ; ಬಲಕ್ಕೆ ದೂರದಲ್ಲಿ ನೀರು, ಮಬ್ಬಾದ ಮರಗಳು. ಹೀಗೆ ಕ್ರಮವಾಗಿ ಹೇಳಿದರೆ ಕಣ್ಣಿರುವವರೂ ತಾವು ಗಮನಿಸದೆ ಬಿಟ್ಟದ್ದನ್ನು ನೋಡುತ್ತಾರೆ.

ಬೇಸಿಗೆಯ ಶುಕ್ರವಾರ ಸಂಜೆಗಳಲ್ಲಿ ಪಕ್ಕದ ಶಿಲ್ಪೋದ್ಯಾನದಲ್ಲಿ ನಡೆಯುವ ಜ್ಯಾಜ್ ಕಚೇರಿಗಳೂ ಉಚಿತವೇ. ಜನಸಂದಣಿ ಹೆಚ್ಚಿದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ಲಾಟರಿಯ ಮೂಲಕ ಪಾಸ್ ಕೊಡುತ್ತಿದ್ದಾರೆ. ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಲಾರದವರಿಗೆ ಇದು ನ್ಯಾಯವಾದ ಕ್ರಮವೆಂದು ನನ್ನ ಅಭಿಪ್ರಾಯ. ಇಂಟರ್‌ನೆಟ್ ಬಳಸಲು ಬಾರದ ಹಿರಿಯರಿಗೆ ಮಾತ್ರ ಮನೆಯವರು ನೆರವಾಗಬೇಕಾಗುತ್ತದೆ.

[ದೃಶ್ಯ: ಬೆಂಗಳೂರು, ಕಸ್ತೂರ್ಬಾ ರಸ್ತೆ, ವೆಂಕಟಪ್ಪ ಆರ್ಟ್ ಗ್ಯಾಲರಿ.]

ಚಿತ್ರ ಮತ್ತು ಸಂಗೀತ ಒಂದೇ ಸೂರಿನಡಿ ಇರುವುದು ನಮಗೇನೂ ಹೊಸದಲ್ಲ. ಬೆಂಗಳೂರಿನ ಈ ಗ್ಯಾಲರಿಗೆ ಯಾರ ಹೆಸರಿಟ್ಟಿದ್ದಾರೋ ಆ ಚಿತ್ರಕಲಾವಿದ ಕೆ. ವೆಂಕಟಪ್ಪನವರು ಕುಂಚ ಹಿಡಿದ ಕೈಯಲ್ಲೇ ವೀಣೆ ನುಡಿಸಿದವರು, ಮೈಸೂರಿನ ವೀಣೆ ಶೇಷಣ್ಣನವರ ಶಿಷ್ಯರು. ಕಲೆಯನ್ನು ಅಂಗವಿಕಲರಿಗೆ ನಿಲುಕುವಂತೆ ಮಾಡಬೇಕೆಂದು ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಊರಿನ ಕಲಾಶಾಲೆಯೋ ಸಭೆಯೋ ಉಚಿತ ಕಚೇರಿ ಏರ್ಪಡಿಸುವುದಾದರೆ, ಆಹ್ವಾನಪತ್ರಿಕೆಯಲ್ಲಿ ‘ಎಲ್ಲರಿಗೂ ಸ್ವಾಗತ’ ಎಂಬ ಸಾಲಿನ ಕೆಳಗೆ ಮೆಟ್ಟಿಲಿಲ್ಲದ ಬಾಗಿಲು ಯಾವ ಕಡೆಗಿದೆ, ಗಾಲಿಕುರ್ಚಿಗೆ ಜಾಗ ಎಲ್ಲಿದೆ, ಕೇಳಲು ನೆರವು ಬೇಕಾದವರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅಚ್ಚುಹಾಕಿಸುವಂತೆ ಅವರನ್ನು ಕೇಳಿ.