ಬೀದರ್‌ಗೆ ಕಾರಲ್ಲಿ ಹೋಗೋರಿಗೆ

ಕೇಳುಗರಿಗೆಲ್ಲ ನಮಸ್ಕಾರ. ಬೆಂಗಳೂರಿಂದ ಬೀದರ್‌ಗೆ ಕಾರಲ್ಲಿ ಹೋಗ್ಬೇಕು ಅಂತ ಮೊಬೈಲಲ್ಲಿ ಮ್ಯಾಪ್ ಹಾಕಿದ್ರೆ ಅದು ಸಾಮಾನ್ಯವಾಗಿ ಅನಂತಪುರ, ಕರ್ನೂಲು, ಹೈದರಾಬಾದ್ ಕಡೆಯಿಂದ ತೋರಿಸತ್ತೆ, ಸುಮಾರು 700 ಕಿಲೋಮೀಟರ್, ಬೆಳಗಿನ ಜಾವ ಬಿಟ್ರೆ ರಾತ್ರಿ ಊಟದ ಹೊತ್ತಿಗೆ ಸೇರ್ಕೋಬೋದು. ಹೋಗೋವಾಗ ಮಾತ್ರ ಆ ದಾರಿ ಬೇಡ ಅಂತೀನಿ ನಾನು. ಚಿತ್ರದುರ್ಗದ ಹತ್ರ ಬಲಕ್ಕೆ ತಿರುಗಿ ರಾಷ್ಟ್ರೀಯ ಹೆದ್ದಾರಿ 50 ಹಿಡೀರಿ. ಹೊಸಪೇಟೆ, ಕುಷ್ಟಗಿ, ವಿಜಯಪುರ, ಕಲಬುರಗಿ, ಹುಮನಾಬಾದ್, ಬೀದರ್ ತನಕ ಒಂದೇ ನಂಬರಿನ ರೋಡು. ನೂರು ಕಿಲೋಮೀಟರ್ ಜಾಸ್ತಿ ಆಗತ್ತೆ, ಆಗ್ಲಿ ಬಿಡಿ. ಬಹಮನಿಗಳು ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ಬದಲಾಯ್ಸಿದ್ದು, ಆಮೇಲೆ ಅವರ ರಾಜ್ಯ ಒಡೆದು ಬಿಜಾಪುರದಲ್ಲಿ ಆದಿಲ್‌ಶಾಹಿ ಹುಟ್ಟಿದ್ದು, ಇವರೆಲ್ಲರ ಜೊತೆ ವಿಜಯನಗರದೋರು ಕಾದಾಡಿದ್ದು, ಈ ಕತೆಯ ಊರುಗಳೆಲ್ಲ ಈ ರೋಡಿನ ಆಸುಪಾಸಲ್ಲೇ ಸಿಗ್ತವೆ.

ಪ್ಲಾನ್ ಮಾಡುವಾಗ ಕಿಲೋಮೀಟರ್ ಲೆಕ್ಕ ಇಟ್ಕೋಬೇಡಿ, ಯಾವ ಜಾಗಕ್ಕೆ ಎಷ್ಟೊತ್ತಿಗೆ ಹೋಗ್ಬೇಕು ಅನ್ನೋದು ನೋಡ್ಕೊಳ್ಳಿ. ಮೊದಲನೇ ರಾತ್ರಿ ವಿಜಯಪುರ, ಯಾಕಂದ್ರೆ ಗೋಳಗುಮ್ಮಟ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನೋಡ್ಬೇಕು. ಮೂಲೆ ಗೋಪುರದ ಕಿರಿದಾದ ಮೆಟ್ಲು ಹತ್ತಿ ಮೇಲಿನ ಗ್ಯಾಲರಿಗೆ ಹೋಗಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಆಚೆ ಕಡೆ ಇರೋರಿಗೆ ಕೇಳತ್ತೆ, ಆದ್ರೆ ಶಾಲಾ ಪ್ರವಾಸದ ಒಂದು ಬಸ್ ಬಂತು ಅಂದ್ರೆ ಮುಗೀತು, ಬರೀ ಕೂಗಾಟ ಅಷ್ಟೆ. ಎರಡನೇ ರಾತ್ರಿ ಕಲಬುರಗಿ. ಅಲ್ಲಿ ಕೋಟೆ ಒಳಗೆ 1367ರ ಜಾಮಿ ಮಸೀದಿ ಇದೆ, ಸಾಮಾನ್ಯವಾಗಿ ಮಸೀದಿ ಮಧ್ಯ ಇರೋ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಗುಮ್ಮಟಗಳಿಂದ ಮುಚ್ಚಿಬಿಟ್ಟಿದಾರೆ.

ಒಂದು ಮಾತು, ಕತ್ತಲಾದ ಮೇಲೆ ಗಾಡಿ ಓಡಿಸ್ಬೇಡಿ. ಈ ಕಡೆ ಓಡಾಡೋಕೆ ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ, ಬೇಸಿಗೇಲಿ ಬಿಸಿಲು 40 ಡಿಗ್ರಿ ದಾಟತ್ತೆ, ಆದ್ರೆ ಅದೇ ಚಳಿಗಾಲ ಕಬ್ಬು ಕಡಿಯೋ ಸೀಸನ್ನೂ ಹೌದು. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಕೊಂಡು ಹೋಗ್ತಿರ್ತಾರೆ, ಎಷ್ಟೋ ಟ್ರೇಲರ್‌ಗೆ ಹಿಂದೆ ಲೈಟೂ ಇರಲ್ಲ ರಿಫ್ಲೆಕ್ಟರೂ ಇರಲ್ಲ, ಹತ್ರ ಹೋಗೋವರೆಗೂ ಕಾಣೋದೇ ಇಲ್ಲ. ಫಾಸ್ಟ್ಯಾಗಲ್ಲಿ ದುಡ್ಡು, ಸ್ಟೆಪ್ನಿಲಿ ಗಾಳಿ, ಇವೆಲ್ಲ ನಿಮಗೆ ಗೊತ್ತಿರೋದೇ. ಊಟಕ್ಕೆ ಹೈವೇ ಹೋಟೆಲ್ ಹುಡುಕ್ತಾ ಕೂರ್ಬೇಡಿ, ಊರೊಳಗೆ ಖಾನಾವಳಿಗೆ ಹೋಗಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ಬೀದರಲ್ಲಿ ಎರಡು ಪೂರ್ತಿ ದಿನ ಬೇಕು. ಕೋಟೆಗೇ ಅರ್ಧ ದಿನ ಹೋಗತ್ತೆ, ಅದ್ರಲ್ಲಿ ರಂಗೀನ್ ಮಹಲ್ ಒಳಗೆ ಕರೀ ಕಲ್ಲಲ್ಲಿ ಕೂರಿಸಿರೋ ಮುತ್ತಿನ ಚಿಪ್ಪಿನ ಕೆಲಸ ನೋಡ್ದೇ ಬರ್ಬೇಡಿ, ಬೀಗ ಹಾಕಿದ್ರೆ ಅಲ್ಲಿರೋ ಸಿಬ್ಬಂದೀನ ಕೇಳಿ ನೋಡಿ. ಇರಾನಿನ ಗಿಲಾನ್ ಕಡೆಯಿಂದ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾಗೆ ಸಂಜೆ ಹೋಗಿ. ಮುಂದಿನ ಒಂದು ಮಿನಾರು ಮಾತ್ರ ಉಳ್ಕೊಂಡಿದೆ, ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಇನ್ನೊಂದು ಕಡೆ ಉರುಳಿಹೋಯ್ತು, ಉಳಿದ ಗೋಡೆ ಮೇಲೆ ನೀಲಿ ಹೆಂಚಿನ ಚೂರುಗಳು ಅಲ್ಲೊಂದು ಇಲ್ಲೊಂದು ಇನ್ನೂ ಅಂಟ್ಕೊಂಡಿವೆ.

ಬಿದ್ರಿ ಕೆಲಸ ಮಾಡೋ ಅಂಗಡಿಗಳು ಅಲ್ಲೇ ಹತ್ರದಲ್ಲಿವೆ. ಕೊಂಡ್ಕೊಳ್ಳೋದು ಆಮೇಲಿರ್ಲಿ, ಮೊದಲು ಕೂತು ನೋಡಿ. ಸತು ಜೊತೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ತಾರೆ, ಉಳಿಯಲ್ಲಿ ಗೀರು ತೆಗೆದು ಬೆಳ್ಳಿ ತಂತಿ ಕೂರಿಸ್ತಾರೆ, ಆಮೇಲೆ ಉಜ್ಜಿದಾಗ ಸಾಮಾನು ಬೂದಿ ಬಣ್ಣವೇ, ಬೆಳ್ಳಿ ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗಲ್ಲ. ಕೊನೆಗೆ ಕೋಟೆ ಮಣ್ಣು, ನವಸಾಗರ ಅನ್ನೋ ಉಪ್ಪು ಹಾಕಿದ ಬಿಸಿ ನೀರಲ್ಲಿ ಅದನ್ನ ಇಳಿಸ್ತಾರೆ ನೋಡಿ, ಲೋಹ ಎಲ್ಲ ಕಪ್ಪಾಗತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯತ್ತೆ. ಯಾವ ಮಣ್ಣು ಆಗತ್ತೆ ಅಂತ ಹಳೇ ಕೆಲಸಗಾರರು ನಾಲಿಗೆ ಮೇಲಿಟ್ಟು ಹೇಳ್ತಾರೆ.

ಅಷ್ಟೂರಿನ ಬಹಮನಿ ಗೋರಿಗಳು ಊರಿಂದ ಸ್ವಲ್ಪವೇ ದೂರ, ಎರಡನೇ ದಿನ ಬೆಳಿಗ್ಗೆ ಇಟ್ಕೊಳ್ಳಿ. ಅಹ್ಮದ್ ಶಾ ವಲಿ ಗೋರಿ ಒಳಗೆ ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋವರೆಗೂ ಸುಮ್ನೆ ನಿಂತ್ಕೊಳ್ಳಿ, ಆಮೇಲೆ ಗುಮ್ಮಟದ ತುಂಬ ಇರೋ ಬಣ್ಣ ಕಾಣತ್ತೆ. ಲಿಂಗಾಯತರಲ್ಲಿ ಎಷ್ಟೋ ಜನ ಈ ಸುಲ್ತಾನನ್ನ ಅಲ್ಲಮಪ್ರಭು ಅಂತ ನಂಬಿ ಇಲ್ಲಿಯ ಉರುಸಿಗೆ ಬರ್ತಾರೆ.

ಇನ್ನು ವಾಪಸ್ ಬರೋವಾಗ ಬೇಕಾದ್ರೆ ಜಹೀರಾಬಾದ್, ಹೈದರಾಬಾದ್ ರಿಂಗ್ ರೋಡ್ ಹಿಡ್ಕೊಂಡು ಬಂದ್ಬಿಡಿ, ಕರ್ನೂಲಲ್ಲೋ ಅನಂತಪುರದಲ್ಲೋ ಒಂದು ರಾತ್ರಿ ಉಳ್ಕೊಂಡ್ರೆ ಡ್ರೈವ್ ಮಾಡೋರಿಗೂ ಸುಸ್ತಾಗಲ್ಲ.