ಗಣಿ ಮುಚ್ಚಿತು, ಲಕ್ಯಾ ಮುಚ್ಚಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರ್ಕಳದ ಕಡೆಯಿಂದ ಘಟ್ಟ ಹತ್ತಿ ಕಳಸಕ್ಕೋ ಹೊರನಾಡಿಗೋ ಹೋದವರು ನಿಮ್ಮಲ್ಲಿ ಬಹಳ ಜನ ಇರುತ್ತೀರಿ. ದಾರಿಯುದ್ದಕ್ಕೂ ಹುಲ್ಲಿನ ಬೆಟ್ಟ, ಬೆಟ್ಟದ ಸಂದಿಗಳಲ್ಲಿ ಶೋಲಾ ಕಾಡು, ಅದೃಷ್ಟ ಇದ್ದರೆ ಒಂದು ಸಿಂಗಳೀಕ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಇದೇ. ಇಲ್ಲಿದ್ದ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಡಿಸೆಂಬರ್ ಕೊನೆಗೆ. ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಆದೇಶ ಕೊಟ್ಟಿತ್ತು. ಅದಕ್ಕಾಗಿ ಹೋರಾಡಿದವರು ಗೆದ್ದರು, ಪೇಪರಿನಲ್ಲಿ ಬಂತು, ನಾವೆಲ್ಲ ಖುಷಿಪಟ್ಟೆವು. ಆಮೇಲೆ ಮರೆತೂಬಿಟ್ಟೆವು, ಅಲ್ವಾ?

ಇವತ್ತು ನಾನು ಹೇಳಬೇಕು ಅಂತಿರುವುದು ಆ ಗಣಿ ಬಿಟ್ಟುಹೋದ ಕಸದ ಬಗ್ಗೆ, ಅದನ್ನು ತುಂಬಿಟ್ಟ ಲಕ್ಯಾ ಅಣೆಕಟ್ಟಿನ ಬಗ್ಗೆ.

ಸ್ವಲ್ಪ ಹಿಂದಿನ ಕಥೆ ಹೇಳಿಬಿಡುತ್ತೇನೆ. ಗಣಿ ನಡೆಸಿದ ಕಂಪನಿ ಶುರುವಾದದ್ದು 1976ರಲ್ಲಿ, ಇರಾನಿನ ಸಾಲದ ದುಡ್ಡಿನ ಭರವಸೆಯ ಮೇಲೆ. ತೆಗೆದ ಅದಿರೂ ಅಲ್ಲಿಗೇ ಹೋಗಬೇಕಿತ್ತು. 1979ರಲ್ಲಿ ಅಲ್ಲಿ ಕ್ರಾಂತಿ ಆಯಿತು, ಒಪ್ಪಂದ ಮುರಿದುಬಿತ್ತು. ಕೊಳ್ಳುವವರು ಬದಲಾದರು, ಅಗೆಯುವುದು ಮಾತ್ರ ಬದಲಾಗಲಿಲ್ಲ.

ಇಲ್ಲಿಯ ಅದಿರು ಬಳ್ಳಾರಿಯ ಅದಿರಿನ ಹಾಗಲ್ಲ. ಕಬ್ಬಿಣದ ಅಂಶ ಕಡಿಮೆ. ಅದನ್ನು ಅಗೆದು ಹಾಗೇ ಮಾರಲು ಬರುವುದಿಲ್ಲ. ಕಲ್ಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಬೇಕು. ಒಳ್ಳೆಯ ಪುಡಿ ಪೈಪಿನಲ್ಲಿ ಸುಮಾರು 67 ಕಿಲೋಮೀಟರ್ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. ಉಳಿದದ್ದು? ಲೆಕ್ಕ ಹಾಕಿ: ಒಂದು ಟನ್ ಒಳ್ಳೆಯ ಪುಡಿ ಸಿಗಬೇಕಾದರೆ ಹೆಚ್ಚುಕಡಿಮೆ ಮೂರು ಟನ್ ಕಲ್ಲು ಅರೆಯಬೇಕು. ಅಂದರೆ ಎರಡು ಟನ್ ಕಸ. ಗಣಿಯವರು ಅದಕ್ಕೆ ಟೇಲಿಂಗ್ಸ್ ಅನ್ನುತ್ತಾರೆ. ಕಾರ್ಖಾನೆ ಕಟ್ಟಿದ್ದು ವರ್ಷಕ್ಕೆ 75 ಲಕ್ಷ ಟನ್ ಒಳ್ಳೆಯ ಪುಡಿ ತೆಗೆಯಲಿಕ್ಕೆ. ಕಸ ಎಷ್ಟಾಯಿತು ಅಂತ ನೀವೇ ಗುಣಿಸಿಕೊಳ್ಳಿ.

ಈ ಕಸ ಸುರಿಯಲು ಹುಡುಕಿದ ಜಾಗವೇ ಲಕ್ಯಾ ಹೊಳೆಯ ಕಣಿವೆ. ಅದು ಭದ್ರಾಕ್ಕೆ ಸೇರುವ ಹೊಳೆ. ಅದಕ್ಕೆ ಅಡ್ಡವಾಗಿ ಮಣ್ಣಿನ ಅಣೆಕಟ್ಟು ಕಟ್ಟಿದರು, ಕಸ ಮೇಲೇರಿದ ಹಾಗೆ ಅಣೆಕಟ್ಟನ್ನೂ ಎತ್ತರಿಸಿದರು, ಕೊನೆಗೆ ಅದು ಸುಮಾರು 100 ಮೀಟರ್ ಆಯಿತು. ಕೆಳಗಿದ್ದ ಕಾಡು, ಹೊಳೆ ಎರಡೂ ಕಲ್ಲುಪುಡಿಯ ಅಡಿ ಸೇರಿದವು. ದೂರದಿಂದ ನೋಡಿದರೆ ಚಂದದ ಕೆರೆ, ಫೋಟೋ ತೆಗೆದುಕೊಂಡು ಬರುವವರೂ ಇದ್ದಾರೆ. ನೀರು ಮೇಲೆ ಮಾತ್ರ. ಅಡಿಯಲ್ಲಿ ಇರುವುದೆಲ್ಲ ಕೆಸರು.

ಇದು ವಿಷ ಅಲ್ಲವಲ್ಲ, ಬರೀ ಕಲ್ಲಿನ ಪುಡಿ ತಾನೆ ಅಂತ ಕೇಳುವವರಿದ್ದಾರೆ. ಸರಿ, ಪಾದರಸದ ಹಾಗೆ ವಿಷ ಅಲ್ಲ. ಆದರೆ ಹೊಳೆಯ ತಳ ನೋಡಿ. ಉರುಟು ಕಲ್ಲುಗಳ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಅಲ್ಲಿ ಮೀನು ಮೊಟ್ಟೆ ಇಡುತ್ತದೆ, ಸಣ್ಣ ಹುಳುಗಳು ಕಲ್ಲಿನಡಿ ಬದುಕುತ್ತವೆ, ಮೀನಿನ ಮರಿಗೆ ಅವೇ ಊಟ. ನುಣ್ಣನೆಯ ಹೂಳು ಬಂದು ಆ ಸಂದಿಗಳನ್ನು ಮುಚ್ಚಿದರೆ ಮೊಟ್ಟೆಗೆ ಉಸಿರಿಲ್ಲ, ಹುಳುವಿಗೆ ಮನೆಯಿಲ್ಲ. ನೀರು ಮೇಲಿಂದ ತಿಳಿಯಾಗಿ ಕಂಡರೂ ಹೊಳೆ ಸೊರಗಿರುತ್ತದೆ. ವರ್ಷಕ್ಕೆ 6,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಬೆಟ್ಟದ ಚರ್ಮ ಸುಲಿದರೆ ಏನಾಗುತ್ತದೆ ಅಂತ ಹೇಳಲು ವಿಜ್ಞಾನಿ ಬೇಕಿಲ್ಲ, ಗಣಿ ನಡೆಯುವಾಗ ಮಳೆಗಾಲದ ಭದ್ರೆಯನ್ನು ಕಂಡವರನ್ನು ಕೇಳಿದರೆ ಸಾಕು. ಆ ಹೂಳು ಅಲ್ಲೇ ನಿಲ್ಲುವುದೂ ಇಲ್ಲ. ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿ ಡ್ಯಾಮಿನವರೆಗೂ ಅದಕ್ಕೆ ದಾರಿ ಇದೆ, ದಾವಣಗೆರೆಯ ಗದ್ದೆಗೆ ನೀರು ಕೊಡುವ ಡ್ಯಾಮು ಅದೇ.

ಗಣಿ ಇದ್ದಾಗ ಅನ್ನ ತಿಂದವರೂ ಇದ್ದಾರೆ, ಅವರನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಕುದುರೆಮುಖದ ಟೌನ್‌ಶಿಪ್‌ನಲ್ಲಿ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲ ಇದ್ದವು. ಬಾಗಿಲು ಹಾಕಿದ ಮೇಲೆ ಊರು ಖಾಲಿಯಾಯಿತು. ಅವರ ಸಂಕಟ ಸುಳ್ಳಲ್ಲ. ಆದರೆ ಕೆಲಸ ಹೋಯಿತು, ಕಸ ಉಳಿಯಿತು ಅನ್ನುವುದೂ ಅಷ್ಟೇ ನಿಜ.

ಕೆಲಸ ನಿಂತ ಅಣೆಕಟ್ಟಿನಿಂದ ಏನು ಭಯ ಅನ್ನಬೇಡಿ. ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ 2019ರ ಜನವರಿಯಲ್ಲಿ ಒಡೆದದ್ದೂ ಕಬ್ಬಿಣದ ಗಣಿಯ ಕಸದ ಕಟ್ಟೆಯೇ. ಅದಕ್ಕೆ ಕಸ ಸುರಿಯುವುದನ್ನು 2016ರಲ್ಲೇ ನಿಲ್ಲಿಸಿದ್ದರು. ಸತ್ತವರು ಸುಮಾರು 270 ಜನ. ಲಕ್ಯಾ ಒಡೆದೇ ಒಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೆದರಿಸುವುದು ನನಗೆ ಇಷ್ಟವೂ ಇಲ್ಲ. ಎರಡರ ಕಟ್ಟೋಣವೂ ಬೇರೆ. ಆದರೆ ಅಂಥ ಕಟ್ಟೆಯ ಮೇಲೆ ಯಾವತ್ತೂ ಒಂದು ಕಣ್ಣು ಇರಲೇಬೇಕು: ನೀರು ಎಲ್ಲಿ ಒಸರುತ್ತಿದೆ, ಹೆಚ್ಚಾದ ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದೆಯಾ, ಏರಿಯಲ್ಲಿ ಬಿರುಕು ಬಿಟ್ಟಿದೆಯಾ. ಹತ್ತು ವರ್ಷ ನೋಡಿ ಕೈಬಿಡುವ ಕೆಲಸ ಅಲ್ಲ ಇದು. ನಮ್ಮ ಮೊಮ್ಮಕ್ಕಳ ಕಾಲದಲ್ಲೂ ಯಾರಾದರೂ ಸಂಬಳ ತೆಗೆದುಕೊಂಡು ಮಾಡುತ್ತಿರಬೇಕು. ಗಣಿಗೆ ಲೈಸೆನ್ಸ್ ಕೊಡುವಾಗ ಈ ಖರ್ಚನ್ನು ಯಾರು ಲೆಕ್ಕ ಹಿಡಿಯುತ್ತಾರೆ ಹೇಳಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಲಕ್ಯಾ ಏರಿಯ ತಪಾಸಣೆ ಆದ ದಿನ, ಒಸರುವ ನೀರಿನ ಅಳತೆ, ಭದ್ರಾ ನೀರಿನಲ್ಲಿರುವ ಹೂಳಿನ ಅಳತೆ, ಇಷ್ಟನ್ನು ಕಳಸದಿಂದ ಬಾಳೆಹೊನ್ನೂರಿನವರೆಗೆ ಹೊಳೆ ಪಕ್ಕದ ಎಲ್ಲ ಪಂಚಾಯ್ತಿಗಳ ಬೋರ್ಡಿನ ಮೇಲೆ ಕನ್ನಡದಲ್ಲಿ ಅಂಟಿಸಲಿ. ಅಂಟಿಸದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಬರುವವರೆಗೆ ಮುಂದಿನ ಸಭೆಯಲ್ಲೂ ಕೇಳಿ.

ನಮಸ್ಕಾರ.