ಬಿರುಕು ಬಿಟ್ಟ ಬುರುಡೆ, ಅರವತ್ತು ಗೋಲು

[ಪರದೆ: ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿ, 60]

ನಮಸ್ಕಾರ. ಇಂಗ್ಲೆಂಡಿನ ಮೊದಲ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಒಬ್ಬನೇ ಆಟಗಾರ ಒಂದೇ ಋತುವಿನಲ್ಲಿ ಹೊಡೆದ ಗೋಲುಗಳಿವು. ಆಡಿದ್ದು 39 ಪಂದ್ಯ. 2022-23ರಲ್ಲಿ ಎರ್ಲಿಂಗ್ ಹಾಲೆಂಡ್ 36 ಗೋಲು ಹೊಡೆದು, ಇಂದಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನ ದಾಖಲೆ ಮುರಿದಾಗ ಎಷ್ಟು ಸದ್ದಾಯಿತು, ನೆನಪಿದೆಯಲ್ಲವೇ? 1927-28ರಲ್ಲಿ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್‌ನ ಡಿಕ್ಸಿ ಡೀನ್ ಅದಕ್ಕಿಂತ 24 ಹೆಚ್ಚು ಹೊಡೆದಿದ್ದರು.

[ದೃಶ್ಯ: ಬರ್ಕನ್‌ಹೆಡ್ ಹಡಗುಕಟ್ಟೆಯ ಹಳೆಯ ಚಿತ್ರ]

ವಿಲಿಯಂ ರಾಲ್ಫ್ ಡೀನ್ ಹುಟ್ಟಿದ್ದು 1907ರಲ್ಲಿ, ಮರ್ಸಿ ನದಿ ದಡದ ಬರ್ಕನ್‌ಹೆಡ್‌ನಲ್ಲಿ. ಹುಟ್ಟೂರಿನ ಟ್ರಾನ್ಮಿಯರ್ ರೋವರ್ಸ್ ಪರ 30 ಲೀಗ್ ಪಂದ್ಯಗಳಲ್ಲಿ 27 ಗೋಲು ಹೊಡೆದ ಹದಿನೆಂಟರ ಹುಡುಗನನ್ನು ನದಿಯಾಚೆಯ ಎವರ್ಟನ್ 1925ರಲ್ಲಿ 3,000 ಪೌಂಡಿಗೆ ಕರೆದೊಯ್ದಿತು. ಡಿಕ್ಸಿ ಎಂಬ ಅಡ್ಡಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ, ಬಿಲ್ ಎಂದರೆ ಸಾಕಿತ್ತು. ನಾವೂ ಡಿಕ್ಸಿ ಎಂದೇ ಕರೆಯುತ್ತಿದ್ದೇವೆ, ಕ್ಷಮೆಯಿರಲಿ.

1926ರ ಬೇಸಿಗೆಯಲ್ಲಿ ಉತ್ತರ ವೇಲ್ಸ್‌ನ ರಸ್ತೆಯೊಂದರಲ್ಲಿ ಅವರ ಮೋಟಾರ್‌ಸೈಕಲ್ ಅಪಘಾತಕ್ಕೀಡಾಯಿತು. ತಲೆಬುರುಡೆ ಬಿರುಕು ಬಿಟ್ಟಿತು, ದವಡೆ ಮುರಿಯಿತು. ಮತ್ತೆ ಆಡುವುದು ಅನುಮಾನ ಎಂದರು ವೈದ್ಯರು.

[ದೃಶ್ಯ: ಹಳೆಯ ಚರ್ಮದ ಚೆಂಡು, ತೀರ ಹತ್ತಿರದಿಂದ]

ಈ ಚೆಂಡನ್ನು ಸ್ವಲ್ಪ ನೋಡಿ. ಹೊಲಿದ ಚರ್ಮದ ಪಟ್ಟಿಗಳು, ಒಳಗೆ ರಬ್ಬರ್ ಬ್ಲ್ಯಾಡರ್. ಬಾಯಿ ಕಟ್ಟಿದ ಲೇಸು ಮೇಲೆಯೇ ಉಬ್ಬಿ ನಿಂತಿರುತ್ತದೆ. ಮಳೆ ಬಂದರೆ ಚರ್ಮ ನೀರು ಕುಡಿದು ಭಾರವಾಗುತ್ತದೆ. ಲೇಸಿನ ಭಾಗ ಹಣೆಗೆ ತಗುಲಿದರೆ ಚರ್ಮ ಕಿತ್ತುಬರುವಷ್ಟು ನೋವು. ಡೀನ್ ಹೆಸರಾಗಿದ್ದೇ ತಲೆಯಿಂದ ಹೊಡೆಯುವುದಕ್ಕೆ! ಕೆಲವೇ ತಿಂಗಳಲ್ಲಿ ಮೈದಾನಕ್ಕೆ ಮರಳಿದವರು ಆ ಋತುವಿನಲ್ಲೇ 27 ಲೀಗ್ ಪಂದ್ಯಗಳಲ್ಲಿ 21 ಗೋಲು ಹೊಡೆದರು.

ಅರವತ್ತು ಗೋಲು ಬಂದದ್ದು ಆಫ್‌ಸೈಡ್ ನಿಯಮದ ಕೃಪೆಯಿಂದ ಎನ್ನುವವರಿದ್ದಾರೆ. ಅರ್ಧ ನಿಜ. 1925ರವರೆಗೆ, ಸಹ ಆಟಗಾರ ಚೆಂಡು ಕೊಡುವ ಹೊತ್ತಿಗೆ ಮುನ್ನುಗ್ಗುವ ಆಟಗಾರ ಮತ್ತು ಗೋಲು ಗೆರೆಯ ನಡುವೆ ಎದುರಾಳಿಗಳು ಮೂವರಿರಬೇಕಿತ್ತು, ಇಲ್ಲದಿದ್ದರೆ ಅದು ಆಫ್‌ಸೈಡ್ ತಪ್ಪು. ಆಮೇಲೆ ಇಬ್ಬರು ಸಾಕೆಂದಾಯಿತು. ಹಳೆಯ ಲೆಕ್ಕಾಚಾರಕ್ಕೆ ಒಗ್ಗಿಹೋಗಿದ್ದ ರಕ್ಷಣಾ ಆಟಗಾರರು ಕಕ್ಕಾಬಿಕ್ಕಿಯಾದರು. ಎರಡನೇ ದರ್ಜೆಯಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ 1926-27ರಲ್ಲಿ 59 ಹೊಡೆದದ್ದೂ ಈ ಗೊಂದಲದ ಕಾಲದಲ್ಲೇ. ಆದರೆ ನಿಯಮ ಸಡಿಲವಾದದ್ದು ಎಲ್ಲರಿಗೂ. ಇಂಗ್ಲಿಷ್ ಲೀಗಿನಲ್ಲಿ ಅರವತ್ತು ತಲುಪಿದವರು ಡೀನ್ ಒಬ್ಬರೇ.

[ದೃಶ್ಯ: ಎವರ್ಟನ್‌ನ ಅಂದಿನ ಮೈದಾನ ಗೂಡಿಸನ್ ಪಾರ್ಕ್‌ನ ಪ್ರೇಕ್ಷಕರ ಹಳೆಯ ಚಿತ್ರ]

ಎರಡು ಪಂದ್ಯ ಬಾಕಿ ಇದ್ದಾಗ ಡೀನ್ ಖಾತೆಯಲ್ಲಿದ್ದದ್ದು 53. ಬರ್ನ್ಲಿ ವಿರುದ್ಧ ನಾಲ್ಕು ಹೊಡೆದರು. 1928ರ ಮೇ 5ರಂದು ಕೊನೆಯ ಪಂದ್ಯ, ಎದುರಿಗೆ ಆರ್ಸೆನಲ್. ಲೀಗ್ ಪ್ರಶಸ್ತಿ ಆಗಲೇ ಎವರ್ಟನ್ ಪಾಲಾಗಿತ್ತು, ಆದ್ದರಿಂದ ಜನ ಬಂದದ್ದು ಡೀನ್ ಅವರ ಮೂರು ಗೋಲಿಗೆ. ಮೊದಲ ಗೋಲು ಆರ್ಸೆನಲ್‌ನದು. ಮರುಕ್ಷಣವೇ ಡೀನ್ ಸಮ ಮಾಡಿದರು, ಬೆನ್ನಿಗೇ ಪೆನಾಲ್ಟಿಯಲ್ಲಿ ಇನ್ನೊಂದು. ಒಟ್ಟು 59. ಆಮೇಲೆ ಗಡಿಯಾರ ಓಡಿತೇ ಹೊರತು ಗೋಲು ಬರಲಿಲ್ಲ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಸಹ ಆಟಗಾರ ಅಲೆಕ್ ಟ್ರೂಪ್ ಮೈದಾನದ ಮೂಲೆಯಿಂದ ಹೊಡೆದ ಕಾರ್ನರ್ ತೇಲಿ ಬಂತು. ಡೀನ್ ಎದ್ದರು, ಅರವತ್ತನೆಯದು ತಲೆಯಿಂದಲೇ ಬಂತು. ಆರ್ಸೆನಲ್ ಕೊನೆಯಲ್ಲಿ ಗೋಲು ಹೊಡೆದು 3-3 ಮಾಡಿತು. ಯಾರಿಗೆ ಬೇಕಿತ್ತು ಅದು?

ಎರಡೇ ವರ್ಷದಲ್ಲಿ ಎವರ್ಟನ್ ಕೆಳದರ್ಜೆಗೆ ಇಳಿಯಿತು. 1931ರಲ್ಲಿ ಮೇಲೆ ಬಂದು, 1932ರಲ್ಲಿ ಮತ್ತೆ ಲೀಗ್ ಗೆದ್ದಿತು. ಆ ಸಲ ಡೀನ್ 45 ಗೋಲು ಹೊಡೆದರು. ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ ಫೈನಲ್ ಒಂದರಲ್ಲಿ ಮೊದಲ ಬಾರಿಗೆ, 1933ರಲ್ಲಿ, ಅಂಗಿಗಳ ಮೇಲೆ ಸಂಖ್ಯೆ ಮೂಡಿದಾಗ 9 ತೊಟ್ಟದ್ದು ಅವರೇ, ಒಂದು ಗೋಲು ಹೊಡೆದದ್ದೂ ಅವರೇ. ಇಂಗ್ಲೆಂಡ್ ಪರ 16 ಪಂದ್ಯಗಳಲ್ಲಿ 18 ಗೋಲು ಹೊಡೆದವರಿಗೆ ಅಷ್ಟೇ ಪಂದ್ಯ ಕೊಟ್ಟದ್ದು ನನಗಂತೂ ಅರ್ಥವಾಗದ ಲೆಕ್ಕ.

[ದೃಶ್ಯ: ಗೂಡಿಸನ್ ಪಾರ್ಕ್ ಹೊರಗಿನ ಡೀನ್ ಪ್ರತಿಮೆ]

ಆಟ ಬಿಟ್ಟ ಮೇಲೆ ಚೆಸ್ಟರ್‌ನಲ್ಲಿ ಡಬ್ಲಿನ್ ಪ್ಯಾಕೆಟ್ ಎಂಬ ಪಬ್ ನಡೆಸಿದರು. 1976ರಲ್ಲಿ ಕಾಲು ಕತ್ತರಿಸಬೇಕಾಯಿತು. 1980ರ ಮಾರ್ಚ್ 1ರಂದು ಗೂಡಿಸನ್ ಪಾರ್ಕ್‌ನಲ್ಲಿ ಎವರ್ಟನ್ ಮತ್ತು ಲಿವರ್‌ಪೂಲ್ ಪಂದ್ಯ ನೋಡುತ್ತಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಅಂದು ಲಿವರ್‌ಪೂಲ್ 2-1ರಿಂದ ಗೆದ್ದಿತು.